ಬಿಸಿಬೇಳೆಬಾತನ್ನು ಬಿಸಿಯಾಗೇ ಮಾಟುಂಗಾ ಮುಟ್ಟಿಸಿದ ಡಬ್ಬ

ನಮ್ಮ ಗೆಳೆಯರ ಗುಂಪು ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತದೆ. ಹದಿನಾಲ್ಕು ಜನ. ಮುಂಬೈ ಸುತ್ತಮುತ್ತ ಹರಡಿಕೊಂಡಿದ್ದೇವೆ. ಮುಲುಂಡ್, ಚೆಂಬೂರು, ವಸಾಯಿ, ನಾವು ಡೊಂಬಿವಲಿ. ಮನೆಗೊಂದು ಅಡುಗೆ ಮಾಡಿಕೊಂಡು ಬರಬೇಕು, ಅಂಗಡಿಯದ್ದು ತರುವ ಹಾಗಿಲ್ಲ. ಕೇಳೋಕೆ ಚೆನ್ನಾಗಿದೆ. ನಡೆಯುವುದೇ ಬೇರೆ. ಎಲ್ಲರ ಡಬ್ಬಿಯೂ ಲೋಕಲ್ ಟ್ರೇನಿನಲ್ಲಿ ತಣ್ಣಗಾಗಿ ಬರುತ್ತದೆ. ಎಲ್ಲರಿಗೂ ಒಂದೇ ಹೊತ್ತಿಗೆ ಗ್ಯಾಸ್ ಬೇಕು. ಆ ಮನೆಯಾಕೆ ಎರಡು ಬರ್ನರ್ ಮುಂದೆ ನಿಂತವಳು ಊಟ ಮುಗಿಯುವವರೆಗೂ ಅಲ್ಲೇ.

ಚೆಂಬೂರಿನಲ್ಲಿ ಸೇರಿದಾಗ ನಾನು ಒಯ್ದದ್ದು ಬಿಸಿಬೇಳೆಬಾತ್. ಹೆಸರಲ್ಲಿ ಮಾತ್ರ ಬಿಸಿ. ಮುಚ್ಚಳ ತೆಗೆದರೆ ಹಲ್ವದ ಹಾಗೆ ಗಟ್ಟಿ, ಚಾಕು ಹಾಕಿ ಕತ್ತರಿಸಬಹುದಿತ್ತು. ನೀರು ಹಾಕಿ ಒಲೆ ಮೇಲಿಟ್ಟೆ, ಮಾತಿಗೆ ನಿಂತೆ, ತಳ ಹಿಡಿಯಿತು. ಮೇಲಿನದನ್ನು ತೆಗೆದು ಬಡಿಸಿದರೂ ಸೀದ ವಾಸನೆ ಹೋಗಲಿಲ್ಲ. ಪಾಪ, ಎಲ್ಲರೂ 'ಚೆನ್ನಾಗಿದೆ' ಅಂದರು. ನಾಲ್ಕು ಗಂಟೆಗೆ ಹೊರಡುವಾಗ ನೋಡಿದರೆ ಗೆಳತಿ ಇನ್ನೂ ನನ್ನ ಪಾತ್ರೆಯ ತಳ ಉಜ್ಜುತ್ತಿದ್ದಳು. ಅವತ್ತೇ ನಿರ್ಧಾರ ಮಾಡಿದೆ. ಮುಂದಿನ ಸಲ ನನ್ನ ಅಡುಗೆಗೆ ಅವರ ಗ್ಯಾಸ್ ಬೇಕಾಗಬಾರದು.

ಲೆಕ್ಕ ಹೀಗೆ. ಮುಂದಿನ ಸಲ ಮಾಟುಂಗಾದಲ್ಲಿ. ಮನೆ ಬಿಡುವುದರಿಂದ ಬಡಿಸುವವರೆಗೆ ಮೂರೂವರೆ ಗಂಟೆ. ನಾಲ್ಕು ಅಂತಲೇ ಇಟ್ಟುಕೊಂಡೆ. ಅಷ್ಟು ಹೊತ್ತಾದ ಮೇಲೂ ಬಾತ್ 65 ಡಿಗ್ರಿಗಿಂತ ಮೇಲಿರಬೇಕು. ಬರೀ ರುಚಿಗಲ್ಲ. 60ಕ್ಕಿಂತ ಕೆಳಗೆ ಇಳಿದು ಬೆಚ್ಚಗೆ ಕೂತ ಅಡುಗೆಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಅಕ್ಕಿಯಲ್ಲಂತೂ ಬೇಯಿಸಿದರೂ ಸಾಯದ ಒಂದು ಜಾತಿ ಇದೆ, ಬೆಚ್ಚನೆ ಜಾಗ ಸಿಕ್ಕಿದರೆ ಮತ್ತೆ ಚಿಗುರುತ್ತದೆ. ಹದಿನಾಲ್ಕು ಜನರ ಹೊಟ್ಟೆ ಕೆಡಿಸಿದ ಹೆಸರು ನನಗೆ ಬೇಡ.

ಮೊದಲು ಡಬ್ಬ ಬೇಕು. ಥರ್ಮೋಕೋಲ್ ಹಾಳೆ ತಂದು ಕತ್ತರಿಸೋಣ ಅಂದುಕೊಂಡೆ. ಆದರೆ 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೋಕೋಲಿನ ತಟ್ಟೆ, ಲೋಟ, ಅಲಂಕಾರದ ಸಾಮಾನು ಎಲ್ಲ ನಿಷೇಧಿಸಿತಲ್ಲ, ಆಮೇಲೆ ನಮ್ಮ ಸ್ಟೇಷನರಿ ಅಂಗಡಿಯವರು ಹಾಳೆ ಇಡುವುದನ್ನೇ ಬಿಟ್ಟಿದ್ದಾರೆ. ಮೀನು ಮಾರ್ಕೆಟ್ಟಿನಲ್ಲಿ ಐಸ್ ತುಂಬಿ ಬರುವ ದೊಡ್ಡ ಡಬ್ಬಗಳಿರುತ್ತವೆ. ಮಗ "ಅದನ್ನೇ ತರ್ತೀನಿ" ಅಂತ ಚಪ್ಪಲಿ ಮೆಟ್ಟಿದ. ಅತ್ತೆ ಒಂದು ಸಲ ಅವನ ಕಡೆ ನೋಡಿದರು. ಅಲ್ಲಿಗೆ ಮುಗಿಯಿತು.

ಸಿಕ್ಕಿದ್ದು ಕೆಳಗಿನ ಮೆಡಿಕಲ್‌ನಲ್ಲಿ. ಇನ್ಸುಲಿನ್, ಲಸಿಕೆ ಎಲ್ಲ ತಣ್ಣಗೆ ಬರುವುದು ದಪ್ಪ ಗೋಡೆಯ ಥರ್ಮೋಕೋಲ್ ಡಬ್ಬದಲ್ಲೇ. ಖಾಲಿಯಾದ ಮೇಲೆ ಅವರಿಗೂ ಅದು ಜಾಗ ತಿನ್ನುವ ಸಾಮಾನು. ಕೇಳಿದ್ದಕ್ಕೆ "ಘೇವೂನ್ ಜಾ" ಅಂತ ಪುಕ್ಕಟೆ ಕೊಟ್ಟರು. ಒಳಗಡೆ 44 ಸೆಂಟಿಮೀಟರ್ ಉದ್ದ, 30 ಅಗಲ, 26 ಎತ್ತರ. ಗೋಡೆ 4 ಸೆಂಟಿಮೀಟರ್ ದಪ್ಪ. ತಣ್ಣಗಿರುವುದನ್ನು ತಣ್ಣಗೆ ಇಡುವ ಡಬ್ಬ ಬಿಸಿಯನ್ನೂ ಬಿಸಿಯಾಗೇ ಇಡುತ್ತದೆ. ಶಾಖಕ್ಕೆ ದಾರಿ ಕೊಡದಿರುವುದಷ್ಟೇ ಅದರ ಕೆಲಸ.

ಒಳಗಿನ ಪಾತ್ರೆಗೆ ನಾನು ಆರಿಸಿದ್ದು ಐದು ಲೀಟರಿನ ಸ್ಟೀಲ್ ಕುಕ್ಕರ್. ಬೇಯಿಸೋಕಲ್ಲ, ಒಯ್ಯೋಕೆ. ಯೋಚನೆ ಮಾಡಿ, ಅದಕ್ಕಿಂತ ಭದ್ರವಾದ ಮುಚ್ಚಳ ಯಾವ ಪಾತ್ರೆಗಿದೆ? ಗ್ಯಾಸ್ಕೆಟ್ ಇದೆ, ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ, ಕುರ್ಲಾದಲ್ಲಿ ಯಾರಾದರೂ ನೂಕಿದರೂ ಚೆಲ್ಲಲ್ಲ. ಅಲ್ಯೂಮಿನಿಯಂ ಕುಕ್ಕರ್ ಬೇಡ. ಹುಣಸೆಹುಳಿ ಹಾಕಿದ್ದನ್ನು ಅದರಲ್ಲಿ ಗಂಟೆಗಟ್ಟಲೆ ಇಟ್ಟರೆ ಹುಳಿ ಲೋಹವನ್ನೇ ತಿನ್ನುತ್ತದೆ. ಹಿಡಿ ಸೇರಿ 40 ಸೆಂಟಿಮೀಟರ್. ಡಬ್ಬದಲ್ಲಿ ಅಳೆದು ಮಾಡಿಸಿದ ಹಾಗೆ ಕೂತಿತು.

ಮೊದಲು ಹೋಲಿಕೆಗೆ ಅಂತ ಕುಕ್ಕರಿನಲ್ಲಿ ನಾಲ್ಕು ಲೀಟರ್ ನೀರು ಕುದಿಸಿ, ಮುಚ್ಚಿ, ಸುಮ್ನೆ ಕಟ್ಟೆ ಮೇಲೆ ಇಟ್ಟೆ. 350 ರೂಪಾಯಿಯ ಅಡುಗೆ ಥರ್ಮಾಮೀಟರ್ ತರಿಸಿದ್ದೆ. 95ರಿಂದ ಒಂದು ಗಂಟೆಗೆ 71. ಎರಡಕ್ಕೆ 56. ಹೋದ ಸಲ ಬಾತ್ ಯಾಕೆ ಹಲ್ವ ಆಯ್ತು ಅಂತ ಗೊತ್ತಾಯಿತು.

ಮಾರನೇ ದಿನ ಅದೇ ನೀರು, ಡಬ್ಬದ ಒಳಗೆ. ಮುಚ್ಚಿ ಐದು ನಿಮಿಷ ಆಗಿಲ್ಲ, ಸುಟ್ಟ ಪ್ಲಾಸ್ಟಿಕ್ ವಾಸನೆ. ಎತ್ತಿ ನೋಡಿದರೆ ಕುಕ್ಕರಿನ ತಳ ಡಬ್ಬದಲ್ಲಿ ಒಂದು ಬೆರಳು ಆಳಕ್ಕೆ ಇಳಿದಿತ್ತು. ದುಂಡಗೆ, ಇಡ್ಲಿ ತಟ್ಟೆಯ ಗುಳಿಯ ಹಾಗೆ. ಥರ್ಮೋಕೋಲ್ ಸುಮಾರು 80 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಒಲೆಯಿಂದ ಈಗತಾನೇ ಇಳಿಸಿದ ತಳವಂತೂ ಅದಕ್ಕಿಂತ ಎಷ್ಟೋ ಬಿಸಿ. ತಣ್ಣನೆಯ ಔಷಧಿಗೆ ಮಾಡಿದ ಡಬ್ಬಕ್ಕೆ ಈ ತೊಂದರೆ ಬರುವ ಮಾತೇ ಇರಲಿಲ್ಲ, ಅಲ್ವಾ.

ಅತ್ತೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. "ಅಲ್ಲ ಕಣೇ, ಬಿಸಿ ಪಾತ್ರೆ ಇಳಿಸೋಕೆ ಮುಂಚೆ ಕೆಳಗೆ ಸಿಂಬಿ ಇಡ್ಬೇಕು ಅಂತ ಯಾರಿಗೆ ಗೊತ್ತಿಲ್ಲ?"

ಸಿಂಬಿ! ತೀರ್ಥಹಳ್ಳಿ ಕಡೆಯ ಅವರ ಮನೆಯಲ್ಲಿ ಭತ್ತದ ಹುಲ್ಲು ಹೊಸೆದು ಸುತ್ತಿದ ಸಿಂಬಿಗಳು ಗೋಡೆಗೆ ನೇತಾಡುತ್ತಿದ್ದವಂತೆ. ಇಲ್ಲಿ ಹುಲ್ಲೆಲ್ಲಿ? ಆದರೆ ಮುಂಬೈನಲ್ಲೂ ಸಿಂಬಿ ಇದೆ. ತಲೆ ಮೇಲೆ ಬುಟ್ಟಿ ಹೊರುವವರು ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಮರಾಠಿಯಲ್ಲಿ ಅದು ಚುಂಬಳ. ನಾನು ತೆಂಗಿನ ನಾರಿನ ಹಗ್ಗ ತಂದೆ, ಅರವತ್ತು ರೂಪಾಯಿಯದ್ದು. ಅತ್ತೆ ನನ್ನ ಕೈಯಿಂದ ಕಿತ್ತುಕೊಂಡರು. ಎರಡು ಸುತ್ತು ಬಳೆಯ ಹಾಗೆ ಹಿಡಿದು, ಉಳಿದ ಹಗ್ಗವನ್ನು ಅದರ ಮೇಲೆ ಅಡ್ಡಕ್ಕೆ ಒತ್ತೊತ್ತಾಗಿ ಸುತ್ತುತ್ತಾ ಹೋದರು. ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಒಂದು ಒತ್ತು. ಕೊನೆಯ ತುದಿಯನ್ನು ಹಳೇ ಕ್ರೋಶಾ ಕಡ್ಡಿಯಿಂದ ಒಳಗೆಳೆದು ಮುಚ್ಚಿದರು. ಗಂಟೇ ಇಲ್ಲ. ಇಪ್ಪತ್ತು ನಿಮಿಷದ ಕೆಲಸ. ಎಪ್ಪತ್ತೆಂಟು ವರ್ಷದ ಬೆರಳುಗಳು ಮುಂದಿನ ಸುತ್ತು ಎಲ್ಲಿ ಅಂತ ಒಂದು ಸಲವೂ ಹುಡುಕಲಿಲ್ಲ. ಗುಳಿ ಬಿದ್ದ ಜಾಗದಲ್ಲೇ ಸಿಂಬಿ ಸರಿಯಾಗಿ ಕೂತಿತು, ಅಲ್ಲಾಡಲಿಲ್ಲ. ತಪ್ಪು ಕೂಡ ಕೆಲಸಕ್ಕೆ ಬಂತು.

ಇನ್ನೊಂದು ತಪ್ಪಿಗೆ ಅಷ್ಟು ಅದೃಷ್ಟ ಇರಲಿಲ್ಲ. ಒಳಗೋಡೆಗೆ ಹೊಳೆಯುವ ಬಬಲ್ ಹಾಳೆ ಅಂಟಿಸಲು ಹೊರಟೆ. ಶೀಟ್ ಮನೆಗಳ ಮಾಡಿನ ಕೆಳಗೆ ಹಾಕುತ್ತಾರಲ್ಲ, ಅದೇ. ಮನೆಯಲ್ಲಿದ್ದದ್ದು ಚಪ್ಪಲಿಗೆ, ಸನ್ಮೈಕಾಗೆ ಹಚ್ಚುವ ಹಳದಿ ರಬ್ಬರ್ ಗೋಂದು. ಹಚ್ಚಿದ ಜಾಗವೆಲ್ಲ ಕಣ್ಣೆದುರಿಗೇ ಕರಗಿ ಹುಳ ಹೊಡೆದ ಬದನೆಕಾಯಿ ಆಯಿತು. ಆ ಗೋಂದನ್ನು ತೆಳ್ಳಗೆ ಮಾಡಲು ಹಾಕುವ ದ್ರಾವಕವೇ ಥರ್ಮೋಕೋಲನ್ನು ಕರಗಿಸುತ್ತದೆ. ಬಿಳಿ ಫೆವಿಕಾಲ್ ಹಚ್ಚಿದೆ, ಕರಗಲಿಲ್ಲ. ಒಣಗಲೂ ಇಲ್ಲ. ಎರಡೂ ಕಡೆ ಗಾಳಿ ಹೋಗದ ಹಾಳೆ ಇದ್ದರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು? ನಾಲ್ಕು ದಿನ ಕಾದು, ಕಿತ್ತು ತೆಗೆದು, ಎಸಿ ರಿಪೇರಿಯವರು ಬಳಸುವ ಅಲ್ಯೂಮಿನಿಯಂ ಟೇಪಿನಿಂದ ಅಂಚು ಸುತ್ತಿದೆ. ಮೊದಲೇ ಹಾಗೆ ಮಾಡಿದ್ದರೆ ಅರ್ಧ ಗಂಟೆಯ ಕೆಲಸ.

ಮತ್ತೆ ನೀರು. 95, 84, 75, 67. ಮೂರು ಗಂಟೆಗೆ 67 ಅಂದರೆ ನಾಲ್ಕಕ್ಕೆ 60ರ ಹತ್ತಿರ. ಸಾಲದು. ಎಲ್ಲಿಂದ ಸೋರುತ್ತಿದೆ? ಮಗ ಒಂದು ಉಪಾಯ ಹೇಳಿದ, ನನಗೆ ಹೊಳೆದಿರಲಿಲ್ಲ. ಮೊಬೈಲಿನ ಟಾರ್ಚ್ ಹಚ್ಚಿ ಡಬ್ಬದೊಳಗೆ ಇಟ್ಟು, ಮುಚ್ಚಳ ಹಾಕಿ, ಕೋಣೆಯ ದೀಪ ಆರಿಸಿದ. ಕತ್ತಲಲ್ಲಿ ಡಬ್ಬದ ಒಂದು ಉದ್ದ ಬದಿಯಲ್ಲಿ ಬೆಳಕಿನ ಗೆರೆ. ಆ ಬದಿಯಲ್ಲಿ ಮುಚ್ಚಳ ಬಾಗಿತ್ತು. ಬೆಳಕು ಹೊರಬರುವ ಕಡೆ ಬಿಸಿ ಗಾಳಿಯೂ ಬರುತ್ತದೆ. ಕಿಟಕಿ ಸಂದಿಗೆ ಅಂಟಿಸುವ ಸ್ಪಂಜಿನ ಪಟ್ಟಿ ತಂದು ಅಂಚಿಗೆಲ್ಲ ಹಾಕಿ, ಮೇಲೆ ಬೆಲ್ಟ್ ಬಿಗಿದೆ. ಗೆರೆ ಹೋಯಿತು.

ಉಳಿದ ಖಾಲಿ ಜಾಗಕ್ಕೆ ಹಳೇ ಹತ್ತಿ ಬೆಡ್‌ಶೀಟ್ ತುಂಡುಗಳನ್ನು ತುಂಬಿ ಹೊಲಿದ ಪುಟ್ಟ ದಿಂಬುಗಳು. ಒಳಗೆ ಗಾಳಿ ಸುತ್ತಾಡಲು ಜಾಗ ಇರಬಾರದು. ಅವತ್ತು ಕುಕ್ಕರಿನ ವೆಯ್ಟ್ ಹಾಕಿರಲಿಲ್ಲ. ಆವಿ ಮೇಲೆದ್ದು ದಿಂಬೆಲ್ಲ ಒದ್ದೆ. ಒದ್ದೆ ಬಟ್ಟೆ ಶಾಖ ಹಿಡಿದಿಡುವುದಿಲ್ಲ, ಹೊರಗೆ ಸಾಗಿಸುತ್ತದೆ. ಒಣಗಿಸಿ, ವೆಯ್ಟ್ ಹಾಕಿ ಮತ್ತೆ ನೋಡಿದೆ. 95, 89, 84, 80, ನಾಲ್ಕನೇ ಗಂಟೆಗೆ 76. ಅದೂ ಗಂಟೆಗೊಂದು ಸಲ ಮುಚ್ಚಳ ತೆಗೆದು ನೋಡಿ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ.

ನೀರಿನ ಪರೀಕ್ಷೆ ಪಾಸಾದರೂ ಬಾತಿನ ಪರೀಕ್ಷೆ ಬೇರೆ. ಗುರುವಾರ ಮಾಮೂಲಿ ಹದದಲ್ಲೇ ಮಾಡಿ ಡಬ್ಬಕ್ಕಿಟ್ಟೆ. ಬಿಸಿ ಇತ್ತು, ಸುಡುವಷ್ಟು. ಆದರೆ ಬೀನ್ಸ್ ಎಲ್ಲ ಕರಗಿ ಮಾಯ, ಬಟಾಣಿ ಒಡೆದು ಹಿಟ್ಟು. ಗಂಟೆಗಟ್ಟಲೆ 80 ಡಿಗ್ರಿಯ ಮೇಲಿದ್ದರೆ ಅದು ಒಲೆ ಆರಿಸಿದ ಹಾಗಲ್ಲ, ಸಣ್ಣ ಉರಿಯಲ್ಲಿ ಬೇಯಿಸಿದ ಹಾಗೆ. ಅದಕ್ಕೆ ಅಡುಗೆಯನ್ನೇ ಬದಲಾಯಿಸಿದೆ. ಅಕ್ಕಿ ಅರ್ಧ ಕಿಲೋ, ತೊಗರಿಬೇಳೆ 350 ಗ್ರಾಂ, ಇವೆರಡು ಪೂರ್ತಿ ಬೇಯಲಿ. ನವಿಲುಕೋಸು, ಕ್ಯಾರೆಟ್, ಬೀನ್ಸ್ ಬೇರೆಯಾಗಿ, ಮುಕ್ಕಾಲು ಬೆಂದರೆ ಸಾಕು. ಹುಣಸೆರಸ ಹಾಕುವುದು ಬೇಳೆ ಬೆಂದ ಮೇಲೆ. ಮುಂಚೆ ಹಾಕಿದರೆ ಬೇಳೆ ಬೇಯಲ್ಲ. ತರಕಾರಿ ಹಾಕಿದ ಮೇಲೆ ಇದೇ ಹುಳಿ ನಮ್ಮ ಪರ, ತರಕಾರಿಯನ್ನು ಬೇಗ ಕರಗಲು ಬಿಡುವುದಿಲ್ಲ. ನೀರು ಮಾಮೂಲಿಗಿಂತ ಅರ್ಧ ಲೀಟರ್ ಜಾಸ್ತಿ. ಡಬ್ಬಕ್ಕೆ ಹಾಕುವಾಗ 'ಅಯ್ಯೋ, ಸಾಂಬಾರಾಯ್ತು' ಅನ್ನಿಸಬೇಕು. ಅನ್ನ ದಾರಿಯಲ್ಲಿ ಅದನ್ನೆಲ್ಲ ಕುಡಿಯುತ್ತದೆ.

ಮಸಾಲೆ ಬಗ್ಗೆ ಒಂದು ಮಾತು. ಬಿಸಿಬೇಳೆಬಾತಿಗೆ ಮರಾಠಿ ಮೊಗ್ಗು ಬೇಕೇ ಬೇಕು. ಡೊಂಬಿವಲಿಯ ಅಂಗಡಿಯಲ್ಲಿ ಕೇಳಿದರೆ ಅಂಗಡಿಯಾತ "ಕಸಲಾ ಮೊಗ್ಗು?" ಅಂತ ನನ್ನನ್ನೇ ನೋಡಿದ. ನಾವು ಮರಾಠಿ ಅಂತ ಹೆಸರಿಟ್ಟದ್ದು ಆ ಮರಾಠಿ ಅಂಗಡಿಯವನಿಗೇ ಗೊತ್ತಿಲ್ಲ! ಕೊನೆಗೆ ಸಿಕ್ಕಿದ್ದು ಮಾಟುಂಗಾದ ದಕ್ಷಿಣದವರ ಅಂಗಡಿಯಲ್ಲಿ, ಬ್ಯಾಡಗಿ ಮೆಣಸಿನಕಾಯಿಯ ಪಕ್ಕ.

ಇನ್ನು ಹೊರುವುದು. ಬಾತು ಸೇರಿ ಎಲ್ಲ ಒಟ್ಟು ಏಳೂವರೆ ಕಿಲೋ. ಈ ಊರಲ್ಲಿ ಡಬ್ಬಾವಾಲಾಗಳು 1890ರಿಂದ ಮನೆಯೂಟ ಹೊತ್ತು ತಿರುಗುತ್ತಿದ್ದಾರೆ, ಆದರೆ ಭಾನುವಾರ ಅವರಿಗೂ ರಜೆ. ಥರ್ಮೋಕೋಲಿಗೆ ಬರೀ ಬೆಲ್ಟ್ ಕಟ್ಟಿದರೆ ಅಂಚು ಕೊಯ್ದುಕೊಂಡು ಹೋಗುತ್ತದೆ. ಹಳೇ ಪ್ಲಾಸ್ಟಿಕ್ ಫೈಲ್ ಕತ್ತರಿಸಿ, ಮಡಚಿ, ಮೂಲೆಗಳಿಗೆ ಕೂರಿಸಿದೆ. ಹೊರಗಿನ ಹೊದಿಕೆಗೆ ಫ್ಲೆಕ್ಸ್. ನಮ್ಮ ಕಡೆ ಫ್ಲೆಕ್ಸಿಗೆ ಬರ ಇಲ್ಲ, ವಾರಕ್ಕೊಬ್ಬ ನಾಯಕರ ಹುಟ್ಟುಹಬ್ಬ. ಸೊಸೈಟಿ ವಾಚ್‌ಮನ್ ಹತ್ತಿರ ಮಡಚಿಟ್ಟ ಒಂದಿತ್ತು. ಮುದ್ರಣದ ಬದಿಯನ್ನು ಒಳಗೆ ಹಾಕಿಸಿದೆ, ಈಗ ಯಾವುದೋ ನಾಯಕರು ಕೈಮುಗಿದು ನನ್ನ ಡಬ್ಬ ಅಪ್ಪಿಕೊಂಡಿದ್ದಾರೆ. ಸ್ಟೇಷನ್ ಪಕ್ಕದಲ್ಲಿ ಬ್ಯಾಗ್ ರಿಪೇರಿ ಮಾಡುವವರು ಬೆಲ್ಟ್ ಸೇರಿಸಿ ಹೊಲಿದುಕೊಟ್ಟರು, 220 ರೂಪಾಯಿ. ಬೆಲ್ಟ್ ಡಬ್ಬದ ತಳದಡಿ ಹಾದುಹೋಗಬೇಕು ಅಂತ ಅವರೇ ಹೇಳಿದ್ದು. ನಾನು ಪಕ್ಕಕ್ಕೆ ಹೊಲಿಸಲು ಹೋಗಿದ್ದೆ. ಹಾಗೆ ಮಾಡಿದ್ದರೆ ಥಾಣೆಯಲ್ಲೇ ತಳ ಕಳಚುತ್ತಿತ್ತು.

ಭಾನುವಾರ. ಬೆಳಿಗ್ಗೆ ದೊಡ್ಡ ಡಬರಿಯಲ್ಲಿ ಬಾತ್ ಮಾಡಿದೆ. ಕುಕ್ಕರಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದೆ, ತಣ್ಣನೆ ಸ್ಟೀಲು ಶಾಖ ಕದಿಯದಿರಲಿ ಅಂತ. ಬಾತ್ ತುಂಬಿ ಒಂದು ಕುದಿ ಬರಿಸಿ, ಒಲೆ ಆರಿಸಿ, ಆಮೇಲೆ ಮುಚ್ಚಳ, ವೆಯ್ಟ್. ಸೀಟಿ ಹಾಕಿಸುವ ಹಾಗಿಲ್ಲ, ಒತ್ತಡ ತುಂಬಿದ ಕುಕ್ಕರನ್ನು ಯಾರೂ ಡಬ್ಬಕ್ಕೆ ಇಡಬೇಡಿ. 9.50ಕ್ಕೆ ಬೆಲ್ಟ್ ಬಿಗಿದೆ. ಒಗ್ಗರಣೆಗೆ ಹುರಿದ ಗೋಡಂಬಿ, ಖಾರಾ ಬೂಂದಿ ಬೇರೆ ಡಬ್ಬಿಯಲ್ಲಿ.

ಅವತ್ತು ಮೆಗಾಬ್ಲಾಕ್ ಬೇರೆ, ದುರಸ್ತಿಗೆ ಅಂತ ಭಾನುವಾರ ಒಂದಷ್ಟು ಹಳಿ ಮುಚ್ಚುತ್ತಾರಲ್ಲ, ಅದು. ಮುಲುಂಡ್‌ನಿಂದ ಮಾಟುಂಗಾವರೆಗೆ ಸ್ಲೋ ಗಾಡಿಗಳೆಲ್ಲ ಫಾಸ್ಟ್ ಹಳಿಯ ಮೇಲೆ. ನಾಹೂರ್, ಕಾಂಜುರ್‌ಮಾರ್ಗ್, ವಿದ್ಯಾವಿಹಾರದಲ್ಲಿ ನಿಲ್ಲುವುದಿಲ್ಲ, ಆದರೂ ಹೊತ್ತು ಜಾಸ್ತಿ. ಕುರ್ಲಾ ದಾಟಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಮೊದಲಾಗಿದ್ದರೆ ನಿಮಿಷ ನಿಮಿಷಕ್ಕೂ ಬಾತ್ ತಣ್ಣಗಾಗುವುದನ್ನು ನೆನೆದು ಸಂಕಟ ಪಡುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಎದುರು ಕೂತ ಮಾವಶಿ ಡಬ್ಬಕ್ಕೆ ಕೈ ತೋರಿಸಿ "ವಿಕಾಯಲಾ ಆಹೇ ಕಾ?" ಅಂದರು. ಮಾರೋಕಲ್ಲ, ಊಟಕ್ಕೆ ಅಂದೆ. ಒಳಗೆ ಬಿಸಿ ಇದೆ ಅಂದರೆ ನಂಬಲಿಲ್ಲ, ಮುಟ್ಟಿ ನೋಡಿದರು. ಹೊರಗೆ ತಣ್ಣಗಿತ್ತು. ಹೊರಗೆ ತಣ್ಣಗಿದ್ದರೇ ಒಳಗೆ ಬಿಸಿ ಅಂತ ಮರಾಠಿಯಲ್ಲಿ ವಿವರಿಸುವಷ್ಟರಲ್ಲಿ ಸಾಯನ್ ಬಂತು.

ಮಾಟುಂಗಾದ ಮನೆಯಲ್ಲಿ ಆಗಲೇ ಗ್ಯಾಸ್ ಮುಂದೆ ಮೂರು ಜನರ ಸಾಲು. ಮುಲುಂಡ್ ಗೆಳತಿಯ ಪತ್ರೊಡೆ, ಇನ್ನೊಬ್ಬರ ಎಣ್ಣೆಗಾಯಿ, ಮರಾಠಿ ಗೆಳತಿಯ ಕಟಾಚಿ ಆಮಟಿ. ನಾನು ಡಬ್ಬವನ್ನು ಮೂಲೆಗಿಟ್ಟು ಹಾಯಾಗಿ ಕೂತೆ. 1.20ಕ್ಕೆ ತಟ್ಟೆ ಹಾಕಿದರು. ಎಲ್ಲರ ಎದುರು ಕುಕ್ಕರ್ ಎತ್ತಿ ತಂದು ಮುಚ್ಚಳ ತಿರುಗಿಸಿದೆ. ತಿರುಗಲಿಲ್ಲ.

ಇನ್ನೊಮ್ಮೆ. ಇಲ್ಲ. ಹುಬ್ಬಳ್ಳಿ ಗೆಳೆಯ ತೋಳೇರಿಸಿಕೊಂಡು ಬಂದ. ಕುಕ್ಕರನ್ನು ಎರಡು ಕಾಲಿನ ನಡುವೆ ಹಿಡಿದು ಎಳೆದ, ಮುಖ ಕೆಂಪಗಾಯಿತು. "ಏನ್ರೀ ವೈನಿ, ವೆಲ್ಡಿಂಗ್ ಮಾಡಿಸಿಕೊಂಡ್ ಬಂದೀರೇನ?" ಅಂದ. ಎಲ್ಲರಿಗೂ ನಗು. ನನಗೆ ಬೆವರು. ಯಾರೋ ಸುತ್ತಿಗೆ ಕೇಳಿದರು.

ಹಿಂದಿನಿಂದ ಮಗ ಹೇಳಿದ, "ಅಮ್ಮ, ವೆಯ್ಟ್ ಎತ್ತು."

ಎತ್ತಿದೆ. ಸುಂಯ್ ಅಂತ ಗಾಳಿ ಒಳಗೆ ನುಗ್ಗಿತು. ಮುಚ್ಚಳ ಬೆರಳಲ್ಲೇ ತಿರುಗಿತು. ಕುದಿಯುವಾಗಲೇ ಮುಚ್ಚಿದ್ದರಿಂದ ಒಳಗೆ ತುಂಬಿದ್ದು ಗಾಳಿಯಲ್ಲ, ಆವಿ. ತಣಿದಂತೆ ಆವಿ ನೀರಾಗಿ ಇಳಿದು ಒಳಗೆ ಖಾಲಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿತ್ತು. ಮನೆಯ ಪರೀಕ್ಷೆಯಲ್ಲಿ ಗಂಟೆಗೊಂದು ಸಲ ತೆಗೆಯುತ್ತಿದ್ದೆನಲ್ಲ, ಅದಕ್ಕೇ ಇದು ಗೊತ್ತಾಗಲೇ ಇಲ್ಲ.

ಥರ್ಮಾಮೀಟರ್ ಚುಚ್ಚಿದೆ. 79. ಸಾಂಬಾರಿನಂತಿದ್ದದ್ದು ಸರಿಯಾದ ಹದಕ್ಕೆ ಬಂದಿತ್ತು, ಸೌಟಿನಿಂದ ನಿಧಾನ ಜಾರುವಷ್ಟು. ಬೀನ್ಸ್ ಬೀನ್ಸಾಗೇ ಇತ್ತು. ಮೊದಲ ತುತ್ತಿಗೆ ಹುಬ್ಬಳ್ಳಿಯವನ ನಾಲಿಗೆ ಸುಟ್ಟಿತು, ನಾನು ಸಾರಿ ಕೂಡ ಹೇಳಲಿಲ್ಲ. ಮನೆಯಾಕೆ ತಟ್ಟೆ ಹಿಡಿದು ನನ್ನ ಪಕ್ಕವೇ ಕೂತಳು. ಎಣ್ಣೆಗಾಯಿ ಇನ್ನೂ ಒಲೆ ಮೇಲಿತ್ತು.

ಕುಕ್ಕರ್ ವಾಪಸ್ ಬರುವಾಗ ಖಾಲಿ ಬರಲಿಲ್ಲ, ಅದರಲ್ಲಿ ಆರು ಪತ್ರೊಡೆ ಇತ್ತು. ಸಂಜೆ ದಾದರ್ ಕಡೆಯಿಂದ ತುಂಬಿಕೊಂಡೇ ಬಂದ ಗಾಡಿಯಲ್ಲಿ ಯಾರದೋ ಮೊಣಕೈ ತಾಗಿ ಡಬ್ಬದ ಒಂದು ಮೂಲೆ ಬಿರುಕು ಬಿಟ್ಟಿದೆ. ಎರಡು ಹಲ್ಲುಕಡ್ಡಿ ಅಡ್ಡಕ್ಕೆ ಚುಚ್ಚಿ, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿದ್ದೇನೆ. ಟಾರ್ಚ್ ಇಟ್ಟು ನೋಡಿದೆ, ಬೆಳಕು ಬರಲಿಲ್ಲ. ಇಂಗಿನ ವಾಸನೆ ಮಾತ್ರ ದಿಂಬುಗಳಿಂದ ಹೋಗಿಲ್ಲ, ಎರಡು ದಿನದಿಂದ ಬಿಸಿಲಿಗೆ ಹಾಕಿದ್ದೇನೆ. ವಸಾಯಿಯವರು ಮುಂದಿನ ತಿಂಗಳು ಐಸ್‌ಕ್ರೀಮ್ ಒಯ್ಯಲು ಡಬ್ಬ ಕೇಳಿದ್ದಾರೆ. ಕೊಡ್ತೀನಿ, ದಿಂಬು ತೆಗೆದಿಟ್ಟು ಕೊಡ್ತೀನಿ. ಅತ್ತೆ ಎರಡನೇ ಸಿಂಬಿ ಸುತ್ತಲು ಶುರು ಮಾಡಿದ್ದಾರೆ.